ಕಲ್ಹಾತಿನ ದಾರಿಯಲ್ಲಿ ಎರಡು ಊಟ

ಬುತ್ತಿ ಕಟ್ಟುವ ಬಟ್ಟೆಯಷ್ಟು ಧಾರಾಳವಾದ ವಸ್ತು ನಮ್ಮ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಸ್ಟೀಲಿನ ಡಬ್ಬಿಗೆ ಮುಚ್ಚಳವೆಂಬ ಒಂದು ಲಕ್ಷ್ಮಣರೇಖೆ ಇರುತ್ತದೆ. ಅದು ಕೂರಲಿಲ್ಲವೆಂದರೆ ತುಂಬಿದ್ದು ಸಾಕು ಎಂದರ್ಥ. ಬಟ್ಟೆಗೆ ಅಂಥ ಬಿಗುಮಾನವಿಲ್ಲ. ಹತ್ತು ರೊಟ್ಟಿ ಇಟ್ಟರೂ ಗಂಟು ಬೀಳುತ್ತದೆ, ಇಪ್ಪತ್ತು ಇಟ್ಟರೂ ಬೀಳುತ್ತದೆ. ಮೇಲೆ ಶೇಂಗಾ ಚಟ್ನಿಪುಡಿಯ ಪೊಟ್ಟಣ, ಸಂದಿಯಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಮೂಲೆಯಲ್ಲೊಂದು ಉಳ್ಳಾಗಡ್ಡಿ ತುರುಕಿದರೂ ನಾಲ್ಕು ತುದಿಗಳು ಹೇಗೋ ಕೈಕೈ ಹಿಡಿದು ನಿಲ್ಲುತ್ತವೆ. ಉತ್ತರ ಕರ್ನಾಟಕದ ಹೆಂಗಸರಾದ ನಾವು ಪ್ರವಾಸವೆಂಬ ಶಬ್ದ ಕಿವಿಗೆ ಬಿದ್ದೊಡನೆ ಮೊದಲು ಹುಡುಕುವುದು ನಕಾಶೆಯನ್ನಲ್ಲ, ಈ ಬಟ್ಟೆಯನ್ನು. ಎಲ್ಲಿಗೆ ಹೋಗುವುದು, ಎಷ್ಟು ಹೊತ್ತಿಗೆ ಮುಟ್ಟುವುದು, ಅಲ್ಲಿ ನೋಡುವುದೇನು ಎಂಬುದೆಲ್ಲ ಆಮೇಲಿನ ವಿಚಾರ. ದಾರಿಯಲ್ಲಿ ಹಸಿವಾದರೆ ಏನು ಗತಿ ಎಂಬುದು ಮೊದಲ ವಿಚಾರ.

ದಾರಿಯಲ್ಲಿ ಹೋಟೆಲುಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ನಾವೀಗ ಇರುವ ಒಮಾನಿನ ಹೆದ್ದಾರಿಯ ಮೇಲೆ ಪೆಟ್ರೋಲ್ ಬಂಕಿಗೊಂದರಂತೆ ಚಹಾದಂಗಡಿಗಳೂ ಇವೆ, ಅಲ್ಲಿ ಮಲಯಾಳಿ ಅಣ್ಣಂದಿರು ಮಡಿಸಿಕೊಡುವ ಪರೋಟಾಗಳೂ ಇವೆ. ಆದರೆ ನಂಬಿಕೆ ಎಂಬುದು ಬೇರೆ ವಸ್ತು. ಊಟದ ವ್ಯವಸ್ಥೆ ಇದೆ ಎಂದು ಯಾರಾದರೂ ಹೇಳಿದರೆ ನಮ್ಮವರು ಬಹಳ ಗೌರವದಿಂದ ತಲೆಯಾಡಿಸಿ ಮನೆಗೆ ಬಂದು ಹಿಟ್ಟು ನಾದಲು ಕೂರುತ್ತಾರೆ. ಮದುವೆಮನೆಗೆ ಹೋಗುವಾಗಲೂ ಚೀಲದಲ್ಲಿ ಎರಡು ರೊಟ್ಟಿ ಇಟ್ಟುಕೊಳ್ಳುತ್ತಿದ್ದ ನನ್ನ ಅತ್ತೆಯನ್ನು ನೋಡಿ ನಕ್ಕವಳು ನಾನು. ಈಗ ಬರ್ಕಾದಿಂದ ಮಸ್ಕತ್ತಿನ ವಿಮಾನ ನಿಲ್ದಾಣಕ್ಕೆ ಹೊರಟರೂ ನನ್ನ ಕೈಚೀಲದಲ್ಲಿ ಮಾದಲಿಯ ಡಬ್ಬಿ ಅಲುಗಾಡುತ್ತಿರುತ್ತದೆ.

ನಾನು ಜಮಖಂಡಿಯವಳು. ನಮ್ಮನೆಯವರು ಬರ್ಕಾದಲ್ಲಿ ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಸಮುದ್ರವನ್ನು ಸಿಹಿ ಮಾಡುವುದೇ ಅವರ ನೌಕರಿ ಎಂದು ನಾನು ಊರಲ್ಲಿ ಹೇಳಿದಾಗ ಜನ ನಂಬಲಿಲ್ಲ, ನನ್ನ ಮೇಲೆ ಕನಿಕರಪಟ್ಟರು. ಬರ್ಕಾದಿಂದ ಸಹಮ್‌ವರೆಗೆ ಕಡಲತೀರದ ಉದ್ದಕ್ಕೂ ಚೆದುರಿರುವ ನಮ್ಮ ಕಡೆಯ ಸಂಸಾರಗಳು ಚಳಿಗಾಲದಲ್ಲೊಮ್ಮೆ ಬಸ್ಸು ಮಾಡಿಕೊಂಡು ಎಲ್ಲಿಗಾದರೂ ಹೋಗಿಬರುವ ಪದ್ಧತಿ ಇದೆ. ಈ ಸಲ ಕಲ್ಹಾತಿಗೆ ಹೋಗೋಣವೆಂದವಳು ನಾನೇ. ಸೂರ್ ಪಟ್ಟಣದ ಈಚೆಗೆ, ಬೆಟ್ಟಕ್ಕೂ ಕಡಲಿಗೂ ನಡುವಿನ ಇಳಿಜಾರಿನಲ್ಲಿ ಬಿದ್ದುಕೊಂಡಿರುವ ಹಳೆಯ ಬಂದರು ನಗರ ಅದು. ಒಂದು ಕಾಲಕ್ಕೆ ಅಲ್ಲಿಂದ ಕುದುರೆಗಳು ಹಡಗು ಹತ್ತಿ ನಮ್ಮ ನಾಡಿಗೆ ಹೋಗುತ್ತಿದ್ದವಂತೆ. ಈ ಕುದುರೆಯ ಸುದ್ದಿ ಕೇಳಿದ್ದೇ ತಡ, ಹೊಸಪೇಟೆಯ ಕಡೆಯವರೊಬ್ಬರು ಕಲ್ಹಾತನ್ನು ಹಂಪಿಯ ಉಪನಗರವೆಂದು ಘೋಷಿಸಿ ಮೊದಲ ಸೀಟು ಹಿಡಿದರು.

ಮಾರ್ಗದರ್ಶಕರಾಗಿ ಸಿಕ್ಕವರು ಸೂರಿನ ಸಾಲಿಮ್ ಎಂಬವರು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಕಲಿಸುವ ಚಟ ನಿವೃತ್ತಿಯಾಗದ ಕಾರಣ ಈಗ ಪ್ರವಾಸಿಗಳನ್ನು ಸುತ್ತಾಡಿಸುತ್ತಾರೆ. ಮುಂಬಯಿಯ ರುಚಿ ಹತ್ತಿದ ಹಿಂದಿ ಅವರದು. ಫೋನಿನಲ್ಲಿ ನೀವು ಯಾವ ಊರಿನವರೆಂದು ಅವರು ಕೇಳಿದಾಗ ನಾನು ಕರ್ನಾಟಕವೆಂದೆ. ಮಂಗಳೂರೇ, ಎಂದು ಕೇಳಿದರು. ಆ ದನಿಯಲ್ಲಿ ಎಂಥ ಆಸೆ ಇತ್ತೆಂದರೆ, ಜಮಖಂಡಿಯಿಂದ ಮಂಗಳೂರು ಎಷ್ಟು ದೂರವೆಂದು ಭೂಗೋಳದ ಮೇಷ್ಟ್ರಿಗೆ ಪಾಠ ಹೇಳುವ ಮನಸ್ಸಾಗದೆ, ಹೂಂ, ಆ ಕಡೆಯವರೇ, ಎಂದುಬಿಟ್ಟೆ. ಗಲ್ಫಿನಲ್ಲಿ ಹತ್ತಾರು ವರ್ಷ ಕಳೆದ ಬಯಲುಸೀಮೆಯವರಿಗೆಲ್ಲ ಇದು ಅಭ್ಯಾಸ. ಇಲ್ಲಿನವರ ಲೆಕ್ಕದಲ್ಲಿ ಕರ್ನಾಟಕವೆಂದರೆ ಒಂದು ಬಂದರು, ಅದರ ಹಿಂದೆ ಸ್ವಲ್ಪ ಜಾಗ.

ಆಗ ಅವರು ಹೇಳಿದರು: ಹಾಗಾದರೆ ಮಧ್ಯಾಹ್ನದ ಊಟ ಹೋಟೆಲಿನಲ್ಲಿ ಬೇಡ, ನಮ್ಮ ಮನೆಯಲ್ಲೇ. ತಮ್ಮ ತಂದೆ ಹಡಗಿನ ನಾಯಕರಾಗಿದ್ದರಂತೆ. ಖರ್ಜೂರ ಹೇರಿಕೊಂಡು ಮಂಗಳೂರಿಗೆ ಹೋಗಿ, ಹಂಚು, ಮರ ಹೇರಿಕೊಂಡು ಬರುತ್ತಿದ್ದರಂತೆ. ಒಂದು ಗಾಳಿ ಹಿಡಿದು ಹೋದವರು ಇನ್ನೊಂದು ಗಾಳಿ ಬೀಸುವವರೆಗೆ ಅಲ್ಲೇ ತಿಂಗಳುಗಟ್ಟಲೆ. ತಂದೆ ತೀರಿಹೋಗಿ ಬಹಳ ಕಾಲವಾಯಿತು. ತಾಯಿಗೆ ಈಗ ಎಂಬತ್ತು ದಾಟಿದೆ. ಮಂಗಳೂರಿನವರು ಯಾರಾದರೂ ಸಿಕ್ಕರೆ ಮನೆಗೆ ಕರೆದುಕೊಂಡು ಬಾ, ಅವರಿಗೆ ನನ್ನ ಕೈಯಾರೆ ಉಣಬಡಿಸಬೇಕು, ಉಂಡ ಮೇಲೆ ಅವರನ್ನು ಒಂದು ಮಾತು ಕೇಳಬೇಕು ಎಂದು ಆಕೆ ವರ್ಷಗಳಿಂದ ಹೇಳುತ್ತಿದ್ದಾಳಂತೆ. ಏನು ಮಾತು ಎಂದರೆ ಮಗನಿಗೂ ಹೇಳಿಲ್ಲವಂತೆ. ಫೋನಿಟ್ಟ ಮೇಲೆ ನನಗೆ ನಿಜಕ್ಕೂ ದಿಗಿಲಾಯಿತು. ಅಷ್ಟು ವರ್ಷ ಕಾದಿಟ್ಟ ಪ್ರಶ್ನೆಗೆ, ಮದುವೆಯಾಗುವವರೆಗೆ ಸಮುದ್ರವನ್ನೇ ಕಾಣದ ನಾನು ಉತ್ತರ ಕೊಡುವುದೆಂದರೆ ಆಕೆಗೆ ಮೋಸ ಮಾಡಿದಂತೆಯೇ ಸರಿ.

ಹೀಗಾಗಿ ವನಿತಾಳ ಕಾಲು ಹಿಡಿದೆ. ವನಿತಾ ಮೂಲ್ಕಿಯವಳು, ತುಳು ಮನೆಮಾತಿನವಳು, ನಮ್ಮ ಮಹಡಿಯ ಕೆಳಗಿನ ಮನೆ. ಬರ್ಕಾದ ಒಂದು ದವಾಖಾನೆಯ ರಿಸೆಪ್ಶನ್ನಿನಲ್ಲಿ ಕೂತು ದಿನವಿಡೀ ಒಮಾನಿ ಅಜ್ಜಿಯರ ಮಂಡಿನೋವಿನ ಕಥೆ ಕೇಳಿ ಕೇಳಿ ಅಚ್ಚ ಅಜ್ಜಿಯರ ಅರಬ್ಬಿಯನ್ನೇ ಕಲಿತವಳು. ಹಾಳು ಬಿದ್ದ ಗೋಡೆ ನೋಡಲು ರಜಾದಿನ ಬೆಳಗಿನ ಜಾವ ಏಳುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಸೂರಿನಲ್ಲಿ ಮೀನು ಒಳ್ಳೆಯದಿರುತ್ತದೆ ಎಂದು ನಾನು ಆಮಿಷವೊಡ್ಡಿದ ಮೇಲೆ ಬರಲು ಒಪ್ಪಿದಳು. ನಮ್ಮ ಗುಂಪಿನಲ್ಲಿ ಮಾಂಸ, ಮೀನು ಮುಟ್ಟುವವರಿಲ್ಲವೆಂದು ನಾನು ಸಾಲಿಮರಿಗೆ ಆಗಲೇ ತಿಳಿಸಿದ್ದನ್ನು ಮಾತ್ರ ಅವಳಿಗೆ ತಿಳಿಸಲು ಹೋಗಲಿಲ್ಲ.

ಇನ್ನು ಉಳಿದದ್ದು ಬುತ್ತಿಯ ಪ್ರಶ್ನೆ. ಎಂಬತ್ತು ದಾಟಿದ ಮುದುಕಿ ಅಡುಗೆ ಮಾಡಿ ಕಾಯುತ್ತಿರುವಾಗ ನಾವು ಹೊಟ್ಟೆ ತುಂಬಿಸಿಕೊಂಡು ಹೋದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಆದ್ದರಿಂದ ವಾಟ್ಸ್ಆ್ಯಪ್ ಗುಂಪಿನಲ್ಲಿ ದಪ್ಪಕ್ಷರದಲ್ಲಿ ಬರೆದೆ: ಯಾರೂ ಬುತ್ತಿ ತರಕೂಡದು, ಊಟ ಸೂರಿನಲ್ಲಿ. ಎಲ್ಲರೂ ಹೆಬ್ಬೆರಳೆತ್ತಿದರು. ಸಹಮ್‌ನಲ್ಲಿರುವ ಶಾಂತಕ್ಕನಂತೂ ಎರಡು ಕೈ ಜೋಡಿಸಿದ ಚಿತ್ರ ಹಾಕಿದಳು. ಗುಳೇದಗುಡ್ಡದ ಶಾಂತಕ್ಕ ನಮ್ಮೆಲ್ಲರಿಗಿಂತ ಹಿರಿಯಳು, ನಮ್ಮೆಲ್ಲರ ಹೊಟ್ಟೆಯ ಹೊಣೆ ತನ್ನದೆಂದು ತಿಳಿದವಳು. ಅವಳ ಆ ಜೋಡಿಸಿದ ಕೈ ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಶುಕ್ರವಾರ ಬೆಳಕು ಹರಿಯುವ ಮುಂಚೆ ಸಹಮ್‌ನಿಂದ ಹೊರಟ ಬಸ್ಸು ಬರ್ಕಾದಲ್ಲಿ ನಮ್ಮನ್ನು ಹತ್ತಿಸಿಕೊಂಡಿತು. ಹತ್ತಿದ ಕೂಡಲೇ ಎಣ್ಣೆಗಾಯಿಯ ವಾಸನೆ ಮೂಗಿಗೆ ಬಡಿಯಿತು. ಯಾವ ಚೀಲವೂ ಕಾಣಿಸಲಿಲ್ಲ. ಆದರೆ ಪ್ರತಿಯೊಬ್ಬರ ಕಾಲಬುಡವೂ ಯಾಕೋ ಉಬ್ಬಿದಂತಿತ್ತು, ಸೀರೆಯ ಸೆರಗುಗಳು ಎಂದಿಗಿಂತ ಉದ್ದವಾಗಿ ಇಳಿಬಿದ್ದಿದ್ದವು. ನಾನು ಶಾಂತಕ್ಕನ ಮುಖ ನೋಡಿದೆ. ಅವಳು ಕಿಟಕಿಯ ಹೊರಗಿನ ಕತ್ತಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಒತ್ತಾಯ ಮಾಡಿ ಕೇಳಿದ್ದಕ್ಕೆ, ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ಮಕ್ಕಳ ಬಾಯಿಗೆ ಏನು ಹಾಕುವುದು ಎಂದು ನನ್ನನ್ನೇ ಕೇಳಿದಳು. ಉಳಿದವರೂ ಅದೇ ವಾದ ಹೂಡಿದರು. ಒಬ್ಬೊಬ್ಬರೂ ತಾವೊಬ್ಬರೇ ತಂದಿದ್ದೇವೆಂದು ತಿಳಿದಿದ್ದರು ಎಂಬುದೇ ಅದರಲ್ಲಿನ ತಮಾಷೆ. ನನ್ನ ಕಾಲಬುಡದಲ್ಲಿಯೂ ಒಂದು ಗಂಟಿತ್ತು ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಬಸ್ಸು ಕೆಡುವುದು ಯಾರ ಕೈಯಲ್ಲಿದೆ?

ಕಲ್ಹಾತಿನ ತಿರುವಿನಲ್ಲಿ ಸಾಲಿಮ್ ಮೇಷ್ಟ್ರು ನಮಗಾಗಿ ಕಾಯುತ್ತಿದ್ದರು. ಬಿಳಿಯ ನಿಲುವಂಗಿ, ಕಸೂತಿಯ ಟೋಪಿ, ಕೈಯಲ್ಲೊಂದು ಬೆತ್ತ. ಆ ಬೆತ್ತ ಕಂಡದ್ದೇ ನಮ್ಮ ಎಂಜಿನಿಯರುಗಳೆಲ್ಲ ಅಂಗಿಯ ಗುಂಡಿ ಸರಿಪಡಿಸಿಕೊಂಡು ಸಾಲಾಗಿ ಇಳಿದರು. ಮೆಡಿಟರೇನಿಯನ್ ಕಡಲಿನ ಹಳೆಯ ಬಂದರುಗಳಿಗೆ ಹೋಗಿಬಂದವರ ಫೋಟೋಗಳನ್ನು ಮೊಬೈಲಿನಲ್ಲಿ ನೋಡಿದ್ದ ನಮ್ಮ ಮಕ್ಕಳು ಅಮೃತಶಿಲೆಯ ಕಂಬಗಳನ್ನು ಹುಡುಕಿದರು. ಇಲ್ಲಿ ಕಂಬವಿಲ್ಲ, ಬಯಲು ರಂಗಮಂದಿರವಿಲ್ಲ. ಮೊಣಕಾಲೆತ್ತರದ ಗೋಡೆಗಳು, ಒಣಗಿದ ನೀರಿನ ತೊಟ್ಟಿಗಳು, ಕಾಲಿಟ್ಟಲ್ಲೆಲ್ಲ ಮಡಕೆಯ ಚೂರುಗಳು, ಎಲ್ಲಕ್ಕೂ ಮೇಲೆ ಗುಮ್ಮಟ ಕಳೆದುಕೊಂಡ ಒಂದೇ ಒಂದು ಚೌಕದ ಕಟ್ಟಡ. ನನ್ನ ಮಗಳು ಸುತ್ತ ನೋಡಿ, "ಅಮ್ಮಾ, ವೇರ್ ಈಸ್ ದ ಸಿಟಿ?" ಎಂದು ಕೇಳಿದಳು. ಮೇಷ್ಟ್ರಿಗೆ ಕೇಳಿಸಿತು. ನೀನು ಈಗ ನಿಂತಿರುವುದು ಒಬ್ಬರ ಅಡುಗೆಮನೆಯಲ್ಲಿ, ಸ್ವಲ್ಪ ಪಕ್ಕಕ್ಕೆ ಸರಿ ಎಂದರು. ಅವಳು ನಿಜವಾಗಿಯೂ ಸರಿದು ನಿಂತಳು.

ಹಾಳೂರುಗಳನ್ನು ನೋಡುವುದಕ್ಕೆ ಒಂದು ಕಲೆ ಬೇಕು, ಅದು ನನಗೆ ಪೂರ್ತಿ ಸಿದ್ಧಿಸಿಲ್ಲ. ಇದ್ದದ್ದನ್ನು ನೋಡುವುದು ಸುಲಭ, ಇಲ್ಲದ್ದನ್ನು ಯಾರಾದರೂ ತೋರಿಸಬೇಕು. ಸಾಲಿಮ್ ಮೇಷ್ಟ್ರು ಬೆತ್ತ ನೀಡಿ ತೋರಿಸಿದಲ್ಲೆಲ್ಲ ಬೀದಿಗಳು ಎದ್ದವು, ಗೋಡೆಗಳು ಮಾಡು ಹೊದ್ದವು. ಇಲ್ಲಿ ಕುದುರೆ ಕಟ್ಟುತ್ತಿದ್ದರು, ಇಲ್ಲಿ ಚೀನಾದ ಪಿಂಗಾಣಿ ಇಳಿಸುತ್ತಿದ್ದರು, ಭೂಕಂಪವಾದಾಗ ಈ ಭಾಗ ಕುಸಿಯಿತು, ಪೋರ್ಚುಗೀಸರು ಬಂದಾಗ ಉಳಿದದ್ದು ಉರಿಯಿತು. ನಡುನಡುವೆ ಪ್ರಶ್ನೆ ಕೇಳುತ್ತಿದ್ದರು. ಗಾಳಿ ಯಾವ ತಿಂಗಳು ಯಾವ ದಿಕ್ಕಿಗೆ ಬೀಸುತ್ತದೆ ಎಂದರೆ ನಮ್ಮನೆಯವರು ಕೈಯೆತ್ತಿ ತಪ್ಪು ಉತ್ತರ ಹೇಳಿ ಬೈಸಿಕೊಂಡರು. ಆ ಚೌಕದ ಕಟ್ಟಡ ಬೀಬಿ ಮರಿಯಮ್ ಎಂಬಾಕೆಯ ಹೆಸರಿನ ಗೋರಿ. ಗಂಡ ಸತ್ತ ಮೇಲೆ ಈ ನಗರವನ್ನು ಆಳಿದವಳಂತೆ. ಗಂಡನಿಗಾಗಿ ಅವಳು ಕಟ್ಟಿಸಿದಳೆಂದು ಕೆಲವರು, ಅವಳಿಗಾಗಿ ಗಂಡ ಕಟ್ಟಿಸಿದನೆಂದು ಕೆಲವರು. ನಮ್ಮ ಗಂಡಸರು ಒಮ್ಮತದಿಂದ ಮೊದಲ ಪಕ್ಷ ಹಿಡಿದರು. ನಮ್ಮನ್ನು ಯಾರೂ ಕೇಳಲಿಲ್ಲ.

ನನಗೆ ಅಲ್ಲಿ ನಿಂತಾಗ ಅನ್ನಿಸಿದ್ದು ಬೇರೆ. ಬಂದರು ಎಂದೊಡನೆ ನಾವು ಹೋಗುವವರನ್ನೂ ಬರುವವರನ್ನೂ ನೆನೆಯುತ್ತೇವೆ. ಹಡಗು, ಹಾಯಿ, ಸರಕು, ಸಾಹಸ. ಆದರೆ ಬಂದರಿನಲ್ಲಿ ಹೆಚ್ಚು ಜನ ಮಾಡುವ ಕೆಲಸ ಕಾಯುವುದು. ಯಾವ ವರ್ಷ ಯಾವ ನಾಡಿಗೆ ಕುದುರೆ ಹೋಯಿತೆಂದು ಇತಿಹಾಸ ಬಲ್ಲದು. ಆ ಕುದುರೆಯ ಜೊತೆ ಹೋದವನ ಹೆಂಡತಿ ಸಂಜೆ ಹೊತ್ತು ಇದೇ ಮೊಣಕಾಲೆತ್ತರದ ಗೋಡೆಗೆ ಆತು ಏನು ಯೋಚಿಸುತ್ತಿದ್ದಳೆಂದು ಯಾರು ಬಲ್ಲರು? ಹಾಗೆ ಯೋಚಿಸುತ್ತಲೇ ಸೂರಿನಲ್ಲಿ ನಮಗಾಗಿ ಒಲೆಯ ಮುಂದೆ ನಿಂತಿರಬಹುದಾದ ಮುದುಕಿ ನೆನಪಾದಳು. ಅವಳು ಕೇಳಬೇಕೆಂದಿರುವ ಮಾತು ಏನಿರಬಹುದು?

ಅಷ್ಟರಲ್ಲಿ ಜುಮ್ಮಾ ನಮಾಜಿನ ಹೊತ್ತಾಯಿತು. ಮೇಷ್ಟ್ರೂ ನಮ್ಮ ಪಠಾಣ ಡ್ರೈವರನೂ ನಮ್ಮನ್ನು ಪಕ್ಕದ ಊರಿನ ಕಡಲಂಚಿಗೆ ಬಿಟ್ಟು, ಒಂದು ತಾಸಿನೊಳಗೆ ಬರುತ್ತೇವೆ, ಆಮೇಲೆ ನೇರ ಊಟಕ್ಕೆ ಎಂದು ಹೇಳಿ ಮಸೀದಿಗೆ ಹೋದರು. ಹಿತವಾದ ಚಳಿಗಾಲದ ಬಿಸಿಲು, ನಯವಾದ ಬೆಣಚುಕಲ್ಲುಗಳ ದಂಡೆ, ಬೆಳಗಿನಿಂದ ನಡೆದ ಕಾಲು. ಒಂದು ಮಗು ಹಸಿವು ಎಂದಿತು. ಮಗು ಅಂದಿತೋ, ಮಗುವಿನ ಅಪ್ಪ ಅನ್ನಿಸಿದನೋ, ಇಂದಿಗೂ ಇತ್ಯರ್ಥವಾಗಿಲ್ಲ. ಶಾಂತಕ್ಕ ಮಗುವಿಗೆ ಮಾತ್ರ ಎನ್ನುತ್ತ ಒಂದು ಗಂಟು ಬಿಚ್ಚಿದಳು. ಒಂದು ಗಂಟು ಬಿಚ್ಚಿದ ಮೇಲೆ ಇನ್ನೊಂದು ಕಟ್ಟಿಕೊಂಡೇ ಇದ್ದರೆ ಅದರ ಒಡತಿಗೆ ಅವಮಾನವಲ್ಲವೇ? ಕಡಕ್ ರೊಟ್ಟಿಗಳು ಹೊರಬಂದವು, ಗುರೆಳ್ಳು ಚಟ್ನಿ ಬಂತು, ಜುಣಕದ ವಡಿ ಬಂತು, ಎಣ್ಣೆಗಾಯಿ ಬಂತು, ಕೆನೆಮೊಸರು ಬಂತು, ಕೊನೆಗೆ ಶೇಂಗಾ ಹೋಳಿಗೆಯೂ ಬಂತು. ಒಂದೊಂದೇ ರುಚಿ ನೋಡೋಣ, ಊಟಕ್ಕೆ ಜಾಗ ಇಟ್ಟುಕೊಳ್ಳಿ ಎಂದು ಕೂಗುತ್ತಲೇ ನಾನೂ ಎರಡನೆಯ ಹೋಳಿಗೆಗೆ ಕೈ ಹಾಕಿದೆ. ಜಾಗ ಇಟ್ಟುಕೊಳ್ಳುವುದು ಎಂಬ ವಿದ್ಯೆ ನಮ್ಮ ಜಿಲ್ಲೆಗಳಲ್ಲಿ ಕಲಿಸುವುದಿಲ್ಲ. ವನಿತಾ ಮಾತ್ರ ಮೀನಿನ ನಿರೀಕ್ಷೆಯಲ್ಲಿ ಅರ್ಧ ರೊಟ್ಟಿ ಮುರಿದು ಕೂತಿದ್ದಳು.

ಮೇಷ್ಟ್ರು ದೂರದಲ್ಲಿ ಕಾಣಿಸಿದಾಗ ನಮ್ಮ ಗುಂಪಿನಲ್ಲಿ ಎದ್ದ ಗಡಿಬಿಡಿ ನೋಡಬೇಕಿತ್ತು. ದೊಡ್ಡ ದೊಡ್ಡ ಹುದ್ದೆಯ ಗಂಡಸರು ಚಟ್ನಿಯ ಬೆರಳನ್ನು ಸಮುದ್ರದಲ್ಲಿ ಅದ್ದಿ ಪ್ಯಾಂಟಿಗೆ ಒರೆಸಿಕೊಂಡರು, ಗಂಟುಗಳು ಮತ್ತೆ ಸೆರಗಿನಡಿ ಸೇರಿದವು. ಮೇಷ್ಟ್ರು ಬಂದು ಗಾಳಿಯನ್ನೊಮ್ಮೆ ಮೂಸಿ, ಬೆಳ್ಳುಳ್ಳಿ, ಎಂದಷ್ಟೇ ಹೇಳಿದರು. ಅಮ್ಮ ನಸುಕಿನಲ್ಲೇ ಎದ್ದಿದ್ದಾಳೆ, ನಿಮಗೆಲ್ಲ ಹಸಿವಾಗಿರಬೇಕು, ಯಲ್ಲಾ, ಹೊರಡೋಣ, ಎಂದು ಅವರು ಬಸ್ಸು ಹತ್ತಿದಾಗ ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಸೂರಿನಲ್ಲಿ ಕಡಲ ಕಾಲುವೆಯ ದಂಡೆಯ ಮೇಲೆ ಅವರ ಮನೆ. ಗಂಡಸರು ಹೊರಗಿನ ಹಜಾರದಲ್ಲಿ ಮೇಷ್ಟ್ರ ಜೊತೆ, ಹೆಂಗಸರು, ಮಕ್ಕಳು ಒಳಮನೆಯಲ್ಲಿ ಅಜ್ಜಿಯ ಜೊತೆ. ಊರೆಲ್ಲ ಆಕೆಯನ್ನು ಉಮ್ ಸಾಲಿಮ್, ಅಂದರೆ ಸಾಲಿಮನ ಅಮ್ಮ, ಎಂದೇ ಕರೆಯುತ್ತದೆ. ಸಣ್ಣ ಆಕೃತಿ, ಹಸಿರು ಹೂವಿನ ಉಡುಪು, ಮುಖದ ತುಂಬ ಸುಕ್ಕು, ಆ ಸುಕ್ಕಿನ ನಡುವೆ ಒಂದು ಕ್ಷಣವೂ ಸುಮ್ಮನಿರದ ಕಣ್ಣು. ನೆಲದ ಮೇಲೆ ಹಾಸಿದ ಹಾಳೆಯ ತುಂಬ ಬಟ್ಟಲುಗಳಿದ್ದವು. ಒಂದು ಆಳೆತ್ತರವಲ್ಲದಿದ್ದರೂ ಮಗುವಿನೆತ್ತರದ ಅನ್ನದ ರಾಶಿ, ಅದರ ಮೇಲೆ ಕಡಲೆಕಾಳು, ಒಣದ್ರಾಕ್ಷಿ, ಹುರಿದ ಈರುಳ್ಳಿ. ಬೆಂಡೆಕಾಯಿಯ ಗೊಜ್ಜು, ಬದನೆಕಾಯಿ, ಬೇಳೆ, ಖರ್ಜೂರ, ಕಾಗದದಷ್ಟು ತೆಳುವಾದ ರೊಟ್ಟಿ. ಮೀನಿಲ್ಲದ ಅಡುಗೆಯನ್ನು ಜೀವನದಲ್ಲಿ ಇದೇ ಮೊದಲು ಮಾಡಿದ್ದು, ಇದನ್ನು ಊಟವೆಂದು ಕರೆಯಬಹುದೋ ಇಲ್ಲವೋ ಎಂದು ಆಕೆ ವನಿತಾಳ ಮೂಲಕ ಕ್ಷಮೆ ಕೇಳಿದಳು. ವನಿತಾ ಆ ಮಾತನ್ನು ಕನ್ನಡಕ್ಕೆ ತರುವಾಗ ನನ್ನ ಕಡೆ ಎಂಥ ನೋಟ ಬೀರಿದಳೆಂದರೆ, ಸೂರಿಗೆ ಬಂದು ಬೆಂಡೆಕಾಯಿ ತಿನ್ನಬೇಕಾದ ಅವಳ ಸಂಕಟವೆಲ್ಲ ಅದರಲ್ಲಿತ್ತು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಗಂಟಲಿನವರೆಗೆ ರೊಟ್ಟಿ ಇತ್ತು. ಉಮ್ ಸಾಲಿಮ್ ತಾನು ಉಣ್ಣದೆ ಎದುರಿಗೆ ಕೂತು ಒಬ್ಬೊಬ್ಬರ ಕೈಯನ್ನೂ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು. ಬೀಗರ ಪಂಕ್ತಿಯಲ್ಲಿ ನನ್ನ ಅಜ್ಜಿ ಹೀಗೆಯೇ ನೋಡುತ್ತ ಕೂರುತ್ತಿದ್ದಳು. ಎಲೆಯ ಮೇಲೆ ಒಂದು ಅಗುಳು ಉಳಿದರೂ ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಗ ಶಾಂತಕ್ಕ ಸೆರಗು ಸಿಕ್ಕಿಸಿದಳು. "ಯಾರೂ ಮಾರಿ ಸಣ್ಣ ಮಾಡಬ್ಯಾಡ್ರಿ. ಬಿಸ್ಮಿಲ್ಲಾ ಅನ್ರಿ, ಹೊಡೀರಿ," ಎಂದು ಮೊದಲ ತುತ್ತು ಎತ್ತಿದಳು. ತೆಳು ರೊಟ್ಟಿಯನ್ನು ಮುರಿದು ಇದು ನಮ್ಮ ಕಡಕ್ ರೊಟ್ಟಿಯ ತಂಗಿ ಎಂದು ಹೊಗಳಿದಳು, ಬದನೆಕಾಯಿಯನ್ನು ಎರಡು ಸಲ ಹಾಕಿಸಿಕೊಂಡಳು. ಸೇನಾಪತಿಯೇ ಮುಂದೆ ನಡೆದ ಮೇಲೆ ನಾವು ಹಿಂದುಳಿಯುವುದು ಹೇಗೆ? ಮೊದಲು ಮರ್ಯಾದೆಗೆಂದು ತಿಂದೆವು. ಆಮೇಲೆ, ನಿಮ್ಮ ಮುಂದೆ ಸುಳ್ಳೇಕೆ, ಒಣನಿಂಬೆಯ ಹುಳಿ ಹತ್ತಿದ ಆ ಬೆಂಡೆಕಾಯಿಯ ಗೊಜ್ಜು ನಾಲಿಗೆಗೆ ತಾಗಿದ ಮೇಲೆ, ರುಚಿಗೆಂದೇ ತಿಂದೆವು. ಅನ್ನದ ರಾಶಿ ಕರಗುತ್ತ ಬಂದಂತೆ ಅಜ್ಜಿಯ ಮುಖ ಅರಳುತ್ತ ಬಂತು. ಅದನ್ನು ನೋಡಿ ನನಗೆ ಜೀವ ಬಂದಂತಾಯಿತು.

ಯಾರು ಮಂಗಳೂರಿನವರು ಎಂದು ಆಕೆ ಕೇಳಿದಳು. ನಾವೆಲ್ಲ ವನಿತಾಳನ್ನು ಮುಂದೆ ತಳ್ಳಿದೆವು. ಮಂಗಳೂರಿನವಳು ಮೀನು ತಿನ್ನುವುದಿಲ್ಲವೇ ಎಂದು ಆಕೆ ಸಂಶಯದಿಂದ ಕೇಳಿದಾಗ ವನಿತಾ ತಡೆಯಲಾರದೆ ಸತ್ಯ ಹೇಳಿದಳು. ಮುದುಕಿ ಎದ್ದು ಒಳಗೆ ಹೋಗಿ, ತನಗೆಂದು ತೆಗೆದಿಟ್ಟಿದ್ದ ಅಂಜಲ್ ಮೀನಿನ ಹುರಿದ ತುಂಡುಗಳನ್ನು ತಂದು ಅವಳ ಮುಂದಿಟ್ಟಳು. ಶಾಂತಕ್ಕ ತನ್ನ ತಟ್ಟೆ ಎತ್ತಿಕೊಂಡು ನಗುತ್ತ ಒಂದು ಮಾರು ಆಚೆ ಸರಿದಳು. ವನಿತಾ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಉಮ್ ಸಾಲಿಮ್ ಅವಳ ಪಕ್ಕಕ್ಕೇ ಬಂದು ಕೂತು, ಬಾಗಿಲ ಕಡೆ ಒಮ್ಮೆ ನೋಡಿ ಮಗ ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಮಾತಾಡತೊಡಗಿದಳು. ವನಿತಾಳ ಕೈ ಅರ್ಧಕ್ಕೇ ನಿಂತಿತು.

ಕೇಳಿಸಿಕೊಂಡದ್ದನ್ನು ಅವಳು ನಮಗೆ ಮೆಲ್ಲಗೆ ಹೇಳಿದಳು. ಈಕೆಯ ಗಂಡ ಸೂರಿನಿಂದ ಹೊರಡುವಾಗ ಬಡಕಲಾಗಿರುತ್ತಿದ್ದನಂತೆ. ಮಂಗಳೂರಿನಿಂದ ಬರುವಾಗ ಪ್ರತಿ ಸಲವೂ ದಪ್ಪಗಾಗಿ, ಕೆನ್ನೆ ತುಂಬಿಕೊಂಡು ಬರುತ್ತಿದ್ದನಂತೆ. ಈ ಊರಿನ ಎಷ್ಟೋ ಹಡಗಿನವರಿಗೆ ಆಚೆ ದಡದಲ್ಲಿ ಇನ್ನೊಂದು ಮನೆ, ಇನ್ನೊಬ್ಬ ಹೆಂಡತಿ ಇರುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೆಂಗಸಿನ ಕೈಯೂಟವಿಲ್ಲದೆ ಬರೀ ಹೋಟೆಲಿನಲ್ಲಿ ಉಂಡು ಒಬ್ಬ ಗಂಡಸು ಅಷ್ಟು ದಪ್ಪಗಾಗಲು ಸಾಧ್ಯವೇ? ಮಂಗಳೂರಿನವಳಾಗಿ ನೀನು ಹೇಳು.

ಗಂಡನನ್ನೇ ಕೇಳಬಹುದಿತ್ತಲ್ಲ ಎಂದು ವನಿತಾ ಅಂದಳಂತೆ. ಅದಕ್ಕೆ ಮುದುಕಿ ಕೊಟ್ಟ ಉತ್ತರವನ್ನು ಅವಳು ನಮಗೆ ಹೇಳಿದಳು. "ಅವರಿಗೆ ಸುಳ್ಳು ಹೇಳ್ಲಿಕ್ಕೆ ಬರ್ತಿರ್ಲಿಲ್ಲವಂತೆ ಅಕ್ಕ. ಅದಕ್ಕೇ ಕೇಳ್ಲಿಲ್ಲ ಅಂತಾರೆ."

ನನಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ನಮಗೆ ಫ್ಯಾಮಿಲಿ ವೀಸಾ ಸಿಗುವ ಮುಂಚೆ ನಮ್ಮನೆಯವರು ಒಮಾನಿನ ಇನ್ನೊಂದು ಮೂಲೆಯ ದುಕ್ಮ್‌ನ ಕ್ಯಾಂಪಿನಲ್ಲಿ ಒಬ್ಬರೇ ಇದ್ದರು. ಮೊದಲ ರಜೆಗೆ ಜಮಖಂಡಿಗೆ ಬಂದಾಗ ಅಂಗಿಯ ಹೊಟ್ಟೆಯ ಗುಂಡಿ ಬಿಗಿಯಾಗಿತ್ತು. ಕ್ಯಾಂಪಿನ ಮೆಸ್ಸಿನ ಊಟ ಚೆನ್ನಾಗಿರುತ್ತದೆ ಎಂದು ಅವರು ಸಹಜವಾಗಿ ಹೇಳಿದರು. ನಾನಿಲ್ಲದೆ ಒಬ್ಬ ಮನುಷ್ಯ ಅಷ್ಟು ಸುಖವಾಗಿ ಉಂಡನಲ್ಲ ಎಂದು ಎರಡು ದಿನ ನನಗೆ ಸಿಟ್ಟೋ ಅಳುವೋ ತಿಳಿಯದ ಹಾಗಾಗಿತ್ತು. ನನ್ನದು ಎರಡು ದಿನದಲ್ಲಿ ಇಳಿಯಿತು, ಯಾಕೆಂದರೆ ನಾನು ಕೇಳಿದೆ, ಅವರು ಹೇಳಿದರು. ಈಕೆ ಕೇಳದೆಯೇ ಮುದುಕಿಯಾದಳು.

ವನಿತಾ ಮೀನಿನ ತಟ್ಟೆ ಪಕ್ಕಕ್ಕಿಟ್ಟು ಆಕೆಯ ಕೈ ಹಿಡಿದುಕೊಂಡು ಅರಬ್ಬಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಆಮೇಲೆ ನಮಗೂ ಹೇಳಿದಳು: ಮಂಗಳೂರಿನ ಧಕ್ಕೆಯ ಹತ್ತಿರದ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನ ಬೇಕಾದಷ್ಟು ಹಾಕುತ್ತಾರೆ, ತೆಂಗಿನಕಾಯಿ ಅರೆಯದ ಸಾರಿಲ್ಲ, ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ಗಾಳಿಗಾಗಿ ಕಾಯುತ್ತ ಕೂತವರಿಗೆ ತಿನ್ನುವುದು ಬಿಟ್ಟು ಬೇರೆ ಏನು ಕೆಲಸ ಎಂದಳಂತೆ. "ಅಲ್ಲಿ ದಪ್ಪ ಆಗ್ಲಿಕ್ಕೆ ಹೆಂಡತಿ ಬೇಕಂತ ಇಲ್ಲ ಮಾರಾಯ್ರೆ." ಮುದುಕಿ ಕೇಳಿಸಿಕೊಂಡಳು, ತಲೆಯಾಡಿಸಿದಳು, ಆದರೆ ಕಣ್ಣು ಒಪ್ಪಿರಲಿಲ್ಲ. ಸಮಾಧಾನ ಹೇಳುವವರು ಹೀಗೆಯೇ ಹೇಳುತ್ತಾರೆಂದು ಅಷ್ಟು ವಯಸ್ಸಾದವಳಿಗೆ ತಿಳಿಯದೇ?

ಆಗ ಶಾಂತಕ್ಕ ದೂರದಿಂದಲೇ ಬಾಯಿ ಹಾಕಿದಳು. ಅವಳು ಹೇಳಲು ಹೊರಟಿರುವುದು ಏನೆಂದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

"ಹೇಳವ್ವ ವನಿತಾ ಆಕೀಗೆ. ನಾವು ಇಲ್ಲಿ ಬರೂದಕ್ಕಿಂತ ಮೊದ್ಲು ಸಮುದ್ರದ ದಂಡೀಮ್ಯಾಲ ಹೊಟ್ಟಿ ಬಿರಿಯೂಹಂಗ ಉಂಡು ಬಂದೀವಿ. ಬಂದು ಮತ್ತ ಕುಂತು ಇಷ್ಟೂ ಉಂಡ್ವಿ. ಮಂದಿ ತಿನ್ನಾಕ ಕುಂತ್ರ ಹೀಂಗ ತಿಂತಾರ ಯವ್ವ, ಅದಕ್ಕ ಬ್ಯಾರೆ ಕಾರಣ ಬೇಕಾಗಂಗಿಲ್ಲ. ನಂಬಿಕಿ ಇಲ್ದಿದ್ರ ಬಸ್ಸಿನ್ಯಾಗಿನ ಖಾಲಿ ಗಂಟು ತಂದು ತೋರಸ್ತೀನಿ."

ನಾನು ತಲೆ ತಗ್ಗಿಸಿ ಕೂತೆ. ಬೆಳಗಿನಿಂದ ಯಾವುದನ್ನು ಮುಚ್ಚಿಡಲು ನಾನು ಒದ್ದಾಡುತ್ತಿದ್ದೆನೋ ಅದನ್ನು ಅವಳು ನಡುಮನೆಯಲ್ಲಿ ಬಿಚ್ಚಿಟ್ಟಿದ್ದಳು. ವನಿತಾ ಒಂದು ಕ್ಷಣ ಅನುಮಾನಿಸಿ, ಆಮೇಲೆ ಎಲ್ಲವನ್ನೂ ಅರಬ್ಬಿಗೆ ತಂದಳು. ಉಮ್ ಸಾಲಿಮ್ ಶಾಂತಕ್ಕನನ್ನು ನೋಡಿದಳು. ನಮ್ಮ ಮುಂದಿನ ಹರಿವಾಣ ನೋಡಿದಳು. ಅದರ ತಳದ ಹೂವಿನ ಚಿತ್ರ ಆಗಲೇ ಕಾಣುತ್ತಿತ್ತು. ಮತ್ತೆ ಶಾಂತಕ್ಕನ ವಿಶಾಲವಾದ ದೇಹವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೊದಲು ಅವಳ ಭುಜ ಕುಲುಕಿತು, ಆಮೇಲೆ ನಗು ಹೊರಬಂತು, ಹಲ್ಲಿಲ್ಲದ ಬಾಯಿಗೆ ಅಂಗೈ ಅಡ್ಡ ಹಿಡಿದರೂ ನಿಲ್ಲದಂಥ ನಗು. ಶಾಂತಕ್ಕ ನಕ್ಕಳು, ನಾವೆಲ್ಲ ನಕ್ಕೆವು, ಏನೆಂದು ತಿಳಿಯದ ಮಕ್ಕಳೂ ನಕ್ಕರು. ಹೊರಗಿನ ಹಜಾರದಿಂದ ಮೇಷ್ಟ್ರು ಏನಾಯಿತೆಂದು ಕೂಗಿ ಕೇಳಿದರು. ನಮ್ಮ ನಗು ಇನ್ನೂ ಜೋರಾಯಿತು.

ನಗು ಇಳಿದ ಮೇಲೆ ಆಕೆ ಕಣ್ಣೊರೆಸಿಕೊಂಡು ತನಗೆ ತಾನೇ ಎಂಬಂತೆ ಮೆಲ್ಲಗೆ "ಮಿಸ್ಕೀನ್" ಎಂದಳು. ಪಾಪ, ಎಂದು. ಒಮಾನಿನಲ್ಲಿ ನಾಲ್ಕು ದಿನ ಇದ್ದವರಿಗೂ ತಿಳಿಯುವ ಮಾತು ಅದು, ಯಾರೂ ಕನ್ನಡಕ್ಕೆ ತರಬೇಕಾಗಿರಲಿಲ್ಲ. ಮುಂದಿನದನ್ನು ವನಿತಾ ಹೇಳಿದಳು. ಗಂಡನಿಗೆ ಹಲ್ವಾ ಅಂದರೆ ಪ್ರಾಣವಂತೆ. ಊರಿಗೆ ಬಂದ ಹಡಗಿನವರ ಮನೆಗಳಲ್ಲೆಲ್ಲ ಮೊದಲ ದಿನ ಹಲ್ವಾ ತರಿಸುವ ರೂಢಿ. ಅವನು ದಪ್ಪಗಾಗಿ ಬಂದಾಗಲೆಲ್ಲ ಈಕೆ ಮನೆಗೆ ಹಲ್ವಾ ತರಿಸುತ್ತಲೇ ಇರಲಿಲ್ಲವಂತೆ. ಯಾಕೆಂದು ಅವನು ಒಂದು ಸಲವೂ ಕೇಳಲಿಲ್ಲವಂತೆ. ನೆರೆಮನೆಯ ಹಲ್ವಾದ ವಾಸನೆ ಬರುವಾಗ ಸುಮ್ಮನೆ ಕಹ್ವಾ ಕಾಫಿ ಕುಡಿಯುತ್ತ ಕೂತಿರುತ್ತಿದ್ದನಂತೆ.

ಹೊರಡುವಾಗ ಆಕೆ ಒಬ್ಬೊಬ್ಬರ ಹಣೆಗೂ ಮುತ್ತಿಟ್ಟಳು. ಬಸ್ಸಿನಲ್ಲಿ ಪಕ್ಕ ಕೂತ ವನಿತಾಳನ್ನು, ನೀನು ಹೇಳಿದ್ದು ನಿಜವಿರಬಹುದೇ ಎಂದು ಕೇಳಿದೆ. ಆ ಮನುಷ್ಯನಿಗೆ ಅಲ್ಲಿ ಸಂಸಾರ ಇತ್ತೋ ಇಲ್ಲವೋ ತನಗೆ ಹೇಗೆ ಗೊತ್ತಾಗಬೇಕು, ಆದರೆ ಆಕೆ ಕೇಳಿದ್ದು ಬರೀ ಊಟದಿಂದ ದಪ್ಪಗಾಗಬಹುದೇ ಎಂದು, ಅದಕ್ಕೆ ಸತ್ಯವನ್ನೇ ಹೇಳಿದ್ದೇನೆ ಎಂದಳು. ಇತಿಹಾಸದ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ಆ ದಿನ ನಾನು ಬೇರೆಲ್ಲೂ ಕೇಳಿರಲಿಲ್ಲ.

ಬಸ್ಸು ಹೊರಡುವ ಮೊದಲು ಸಾಲಿಮ್ ಮೇಷ್ಟ್ರು ವಿದಾಯ ಹೇಳಲು ಬಾಗಿಲಿಗೆ ಬಂದರು. ಬೆತ್ತ ಕೈಯಲ್ಲಿರಲಿಲ್ಲ. ಮುಖದಲ್ಲಿ ಒಂದು ಗೊಂದಲವಿತ್ತು. ಅಮ್ಮ ಈಗಲೇ ಪೇಟೆಗೆ ಹೋಗಿ ಹಲ್ವಾ ತಾ ಎನ್ನುತ್ತಿದ್ದಾಳೆ, ಅಪ್ಪನ ಹೆಸರಿನಲ್ಲಿ ಬೀದಿಯ ಮನೆಗಳಿಗೆಲ್ಲ ಹಂಚಬೇಕಂತೆ. ಇವತ್ತು ಅಪ್ಪ ತೀರಿಕೊಂಡ ದಿನವೂ ಅಲ್ಲ, ಯಾವ ಹಬ್ಬವೂ ಅಲ್ಲ, ಯಾಕೆಂದು ಕೇಳಿದರೆ ಹೇಳುವುದಿಲ್ಲ, ನಿಮ್ಮ ಹತ್ತಿರ ಏನಾದರೂ ಹೇಳಿದಳೇ, ಎಂದು ಕೇಳಿದರು. ಶಾಂತಕ್ಕ ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು.

ವನಿತಾ ಕಿಟಕಿಯಿಂದ ಬಾಗಿ, ಬಸ್ಸಿನವರಿಗೆಲ್ಲ ತಿಳಿಯುವಷ್ಟು ಸರಳ ಹಿಂದಿಯಲ್ಲಿ ಹೇಳಿದಳು.

"ಹಂಚಿ ಸರ್. ಸ್ವಲ್ಪ ಜಾಸ್ತಿಯೇ ಹಂಚಿ."